ಮಕ್ಕಳಲ್ಲಿ ಬೊಜ್ಜು: ಹೃದಯ ಮತ್ತು ಚಯಾಪಚಯ ಕ್ರಿಯೆಯ ಮೇಲಿನ ಪರಿಣಾಮಗಳು

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ದುಂಡಗಿರುವ ಮಗುವನ್ನು ಆರೋಗ್ಯವಂತ ಮಗುವೆಂದು ಭಾವಿಸುವುದು ವಾಡಿಕೆ. ಆದರೆ ದೇಹದಲ್ಲಿ ಮಿತಿಮೀರಿ ಸಂಗ್ರಹವಾಗುವ ಕೊಬ್ಬು ಬಾಲ್ಯದಲ್ಲಿಯೇ ಹಾನಿಯನ್ನು ಆರಂಭಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅಧಿಕ ತೂಕದವರ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದುದು 2019-21ರಲ್ಲಿ ಶೇ. 3.4ಕ್ಕೆ ಏರಿದೆ. ಬೊಜ್ಜನ್ನು ಕಣ್ಣಂದಾಜಿನಿಂದ ನಿರ್ಧರಿಸಲಾಗದು. ಅಳತೆಯಿಂದ ಮಾತ್ರ ತಿಳಿಯಬಹುದಾಗಿದೆ.

ಅಳೆಯುವ ವಿಧಾನ

ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹ ತೂಕ ಸೂಚ್ಯಂಕ (ಬಿ.ಎಂ.ಐ.) ದೊರೆಯುತ್ತದೆ. ಮಕ್ಕಳಿಗೆ ವಯಸ್ಕರ ಮಿತಿಗಳು ಅನ್ವಯಿಸುವುದಿಲ್ಲ. ಉದಾಹರಣೆಗೆ, 140 ಸೆಂ.ಮೀ. ಎತ್ತರ ಮತ್ತು 48 ಕಿ.ಗ್ರಾಂ. ತೂಕವಿರುವ ಹತ್ತು ವರ್ಷದ ಬಾಲಕನ ಸೂಚ್ಯಂಕ 24.5. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಆ ವಯಸ್ಸಿನ ಬಾಲಕರಲ್ಲಿ 21.4ನ್ನು ಮೀರಿದರೆ ಅದು ಬೊಜ್ಜು. ಆರು ವರ್ಷ ಮೇಲ್ಪಟ್ಟ ಮಕ್ಕಳಲ್ಲಿ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ವೈದ್ಯರ ಸಲಹೆ ಪಡೆಯತಕ್ಕದ್ದು.

ಪರಿಣಾಮಗಳು

1. ಇನ್ಸುಲಿನ್ ಸಮರ್ಪಕವಾಗಿ ಕೆಲಸ ಮಾಡದೆ, ಕಾಲಕ್ರಮದಲ್ಲಿ ಎರಡನೇ ವಿಧದ ಮಧುಮೇಹ ಬರಬಹುದು. ಕತ್ತು ಹಾಗೂ ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು ಇದರ ಸೂಚನೆ. ಇದು ಕೊಳೆಯಲ್ಲ, ಉಜ್ಜಿದರೆ ಹೋಗದು.
2. ರಕ್ತದೊತ್ತಡ ಹಾಗೂ ರಕ್ತದಲ್ಲಿನ ಕೊಬ್ಬಿನಂಶ ಹೆಚ್ಚಿ, ರಕ್ತನಾಳಗಳು ಬೇಗನೆ ಪೆಡಸಾಗುತ್ತವೆ. ಮುಂದೆ ಹೃದಯಾಘಾತದ ಅಪಾಯ ಹೆಚ್ಚುತ್ತದೆ.
3. ಪಿತ್ತಜನಕಾಂಗದಲ್ಲಿ ಕೊಬ್ಬು ಶೇಖರವಾಗುತ್ತದೆ. ಇದಕ್ಕೆ ಬಹುಕಾಲ ನೋವು ಇರುವುದಿಲ್ಲ.

ಮೈಸೂರಿನ ಅಧ್ಯಯನ

ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ಅನುಸರಿಸಲಾಯಿತು. ಗರ್ಭಾವಧಿಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ವೇಳೆಗೆ ದೇಹದ ಕೊಬ್ಬು ಮತ್ತು ಇನ್ಸುಲಿನ್ ನಿರೋಧ ಹೆಚ್ಚಾಗಿರುವುದು ಕಂಡುಬಂದಿತು. ಆದ್ದರಿಂದ ಗರ್ಭಿಣಿಯರ ಸಕ್ಕರೆ ಪರೀಕ್ಷೆಯೂ ಮಗುವಿನ ರಕ್ಷಣೆಯ ಭಾಗವಾಗಿದೆ. ಅದೇ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದವರ ಅಧ್ಯಯನದಲ್ಲಿ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಕಡಿಮೆ ತೂಕದಿಂದ ಜನಿಸಿದ ಮಗುವನ್ನು 'ದಪ್ಪ ಮಾಡಲು' ಅತಿಯಾಗಿ ಉಣಿಸುವುದು ಸೂಕ್ತವಲ್ಲ.

ಪಾಲಕರು ಅನುಸರಿಸಬೇಕಾದ ಕ್ರಮಗಳು

* ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು, ತರಕಾರಿ ಹಾಗೂ ಮೊಟ್ಟೆಗಳನ್ನು ನಿತ್ಯದ ಆಹಾರವಾಗಿಸುವುದು. ವಡೆ, ಬೋಂಡಾ, ಬೇಕರಿ ತಿನಿಸು ಅಪರೂಪಕ್ಕಿರಲಿ.
* ತಂಪು ಪಾನೀಯದ ಬದಲು ನೀರು ಅಥವಾ ಮಜ್ಜಿಗೆ ನೀಡುವುದು. ಬೆಲ್ಲವೂ ಸಕ್ಕರೆಯೇ, ಕಬ್ಬಿನ ಹಾಲಿಗೂ ಮಿತಿಯಿರಬೇಕು.
* 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಆಟ, ಓಟ ಅಥವಾ ವ್ಯಾಯಾಮದಲ್ಲಿ ತೊಡಗುವುದು.
* ಮಗುವನ್ನು ಉಪವಾಸ ಕೆಡವಬಾರದು, ಹೀಯಾಳಿಸಬಾರದು. ಬೆಳೆಯುವ ಮಗುವಿಗೆ ಅನೇಕ ವೇಳೆ ತೂಕ ಇಳಿಸುವುದಕ್ಕಿಂತ, ತೂಕ ಏರದಂತೆ ನೋಡಿಕೊಂಡು ಎತ್ತರ ಬೆಳೆಯಲು ಬಿಡುವುದೇ ಗುರಿ.

ಸೇವೆ ಪಡೆಯುವ ವಿಧಾನ

2013ರಲ್ಲಿ ಆರಂಭಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ 18 ವರ್ಷದವರೆಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ನಡೆಯುತ್ತದೆ. ಪಾಲಕರು ಎತ್ತರ ಮತ್ತು ತೂಕದ ವಿವರವನ್ನು ಕೇಳಿ ಬರೆದಿಟ್ಟುಕೊಳ್ಳುವುದು. ಖಾಸಗಿ ಶಾಲೆಯ ಮಕ್ಕಳನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬಹುದು. 10ರಿಂದ 19 ವರ್ಷದವರು ಸ್ನೇಹ ಕ್ಲಿನಿಕ್‌ಗಳಲ್ಲಿ ಸಮಾಲೋಚನೆ ಪಡೆಯಬಹುದು.

ಹೆಚ್ಚಿನ ಪರೀಕ್ಷೆ ಅಗತ್ಯವಿದ್ದಲ್ಲಿ ಮದ್ದೂರು, ಮಳವಳ್ಳಿಯವರು ಆಯಾ ತಾಲ್ಲೂಕು ಆಸ್ಪತ್ರೆಯನ್ನೂ, ಮಂಡ್ಯದವರು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಆಸ್ಪತ್ರೆಯನ್ನೂ ಸಂಪರ್ಕಿಸುವುದು. ತಪಾಸಣಾ ತಂಡ ನೀಡಿದ ಶಿಫಾರಸು ಚೀಟಿ, ಆಧಾರ್ ಹಾಗೂ ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು.

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ನಿದ್ರೆಯಲ್ಲಿ ಉಸಿರು ಕಟ್ಟುವುದು ಅಥವಾ ಆಟವಾಡುವಾಗ ಎದೆನೋವು ಕಂಡುಬಂದಲ್ಲಿ ಶಾಲಾ ತಪಾಸಣೆಯವರೆಗೆ ಕಾಯದೆ, ಕೂಡಲೇ ವೈದ್ಯರನ್ನು ಕಾಣತಕ್ಕದ್ದು.