ಅಡಿಕೆಯಿಲ್ಲದ ಅರೆಕಾ

ನಾಗಪುರದಿಂದ ಭಂಡಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ತಾಲೂಕು ಊರು ಮೌದಾ. ಪಕ್ಕದಲ್ಲಿ ಕನ್ಹಾನ್ ನದಿ, ಹತ್ತಿರದಲ್ಲೇ 2,320 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಕೆಲಸದ ನಿಮಿತ್ತ ಬೇರೆ ಬೇರೆ ರಾಜ್ಯಗಳಿಂದ ಬಂದವರು ಇಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಊರು ಇದು. ಆದರೂ ಹಸಿರು ಬಲೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಡದವರು ಕಡಿಮೆ. ಆ ನಾಲ್ಕರಲ್ಲಿ ಒಂದು ಹೆಚ್ಚುಕಡಿಮೆ ಖಾಯಂ: ಅರೆಕಾ ಪಾಮ್.

ಈ 'ಅರೆಕಾ' ನಮಗೆ ಹೊರಗಿನ ಪದವೇನಲ್ಲ. ಮಲಯಾಳಂನ 'ಅಡಕ್ಕ', ಕನ್ನಡದ 'ಅಡಿಕೆ' ಒಂದೇ ಬೇರಿನವು. ಮಲಬಾರಿನ ಪದ ಪೋರ್ಚುಗೀಸರ ಬಾಯಲ್ಲಿ 'ಅರೆಕಾ' ಆಯಿತು. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ನಮ್ಮ ಅಡಿಕೆ ಮರಕ್ಕೆ 'ಅರೆಕಾ ಕ್ಯಾಟೆಚು' ಎಂದು ಹೆಸರಿಟ್ಟ. ಆಮೇಲೆ ಆ ಪದ ನರ್ಸರಿಗಳ ಬಾಯಿಗೆ ಬಂದು, ದೂರದಿಂದ ಅಡಿಕೆ ಸಸಿಯಂತೆ ಕಾಣುವ ಇನ್ನೊಂದು ಗಿಡಕ್ಕೆ ಅಂಟಿಕೊಂಡಿತು. ಅದರ ಮೂಲ ಮಡಗಾಸ್ಕರ್. 1878ರಲ್ಲಿ ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು 'ಕ್ರಿಸಾಲಿಡೋಕಾರ್ಪಸ್ ಲುಟೆಸೆನ್ಸ್'. ಅದಕ್ಕೂ ಅಡಿಕೆಗೂ ತಾಳೆಯ ಕುಲದ ದೂರದ ನೆಂಟಸ್ತಿಕೆ ಬಿಟ್ಟರೆ ಬೇರೇನಿಲ್ಲ. ಅಡಿಕೆ ತೋಟದ ಮಗ್ಗುಲಲ್ಲೇ ಬೆಳೆದ ನಾನು ಮೌದಾದ ಬಾಲ್ಕನಿಗೆ ದುಡ್ಡು ಕೊಟ್ಟು ತಂದದ್ದು ಅಡಿಕೆಯ ಹೆಸರು ಹೊತ್ತ, ಅಡಿಕೆಯಿಲ್ಲದ ಗಿಡವನ್ನು.

ಇಂಥ ಗೊಂದಲ ಕಂಡಾಗ 'ರೂಢಿಯ ಹೆಸರುಗಳೇ ಹೀಗೆ, ವೈಜ್ಞಾನಿಕ ಹೆಸರು ಹೇಳಿಬಿಡಿ' ಎನ್ನುವವರಿದ್ದಾರೆ. 'ಲ್ಯಾಟಿನ್ ಯಾರಿಗೆ ಬೇಕು, ಅಜ್ಜಿ ಹೇಳಿದ ಹೆಸರೇ ಸಾಕು' ಎನ್ನುವವರೂ ಇದ್ದಾರೆ. ಹೆಸರುಗಳ ಚರಿತ್ರೆ ನೋಡಿದರೆ ಎರಡು ಪಕ್ಷಗಳೂ ಅರ್ಧ ಮಾತನ್ನಷ್ಟೇ ಹೇಳುತ್ತಿವೆ ಅನ್ನಿಸುತ್ತದೆ.

ಲಿನೇಯಸ್ ಭಾರತಕ್ಕೆ ಬಂದವನಲ್ಲ. ನಮ್ಮ ಕರಾವಳಿಯ ಗಿಡಗಳನ್ನು ಅವನು ಬಹುಮಟ್ಟಿಗೆ ಪುಸ್ತಕದಲ್ಲಿ ನೋಡಿದ. ಅಂಥ ಪುಸ್ತಕಗಳಲ್ಲಿ ದೊಡ್ಡದು 'ಹೋರ್ಟಸ್ ಮಲಬಾರಿಕಸ್', ಅಂದರೆ ಮಲಬಾರಿನ ತೋಟ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಅದನ್ನು ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳನ್ನು ಗುರುತಿಸಿ, ಹೆಸರು ಮತ್ತು ಗುಣ ಹೇಳಿದವರು ಇಲ್ಲಿಯವರೇ: ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ಕೊಂಕಣಿ ಮಾತಾಡುವ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ತಾವು ಕೊಟ್ಟ ಮಾಹಿತಿ ಸರಿ ಎಂದು ಅವರು 1675ರಲ್ಲಿ ತಮ್ಮ ತಮ್ಮ ಲಿಪಿಗಳಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಆ ಪುಸ್ತಕದಲ್ಲೇ ಇವೆ. ಚಿತ್ರಗಳ ಮೇಲೆ ಗಿಡದ ಹೆಸರನ್ನು ರೋಮನ್ ಅಕ್ಷರದ ಜೊತೆ ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲೂ ಕೆತ್ತಿಸಿದರು.

ಆ ಪುಸ್ತಕದ ಹೆಸರುಗಳಲ್ಲಿ ಕೆಲವು ನೇರವಾಗಿ ಲ್ಯಾಟಿನ್ನಿಗೆ ಹತ್ತಿದವು. ಬಸಳೆಯನ್ನೇ ತೆಗೆದುಕೊಳ್ಳಿ. ವಿಜ್ಞಾನದಲ್ಲಿ ಅದು 'ಬಸೆಲ್ಲಾ'. ಏಲಕ್ಕಿಯ ಕುಲನಾಮ 'ಎಲೆಟ್ಟಾರಿಯಾ'. ಅದು ಮಲಬಾರಿನ ಹೆಸರೇ. ಸಂಪಿಗೆಯ ಹೆಸರಿನಲ್ಲಿರುವ 'ಚಂಪಕಾ' ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ವೈಜ್ಞಾನಿಕ ಹೆಸರು ಯುರೋಪಿನದು, ರೂಢಿಯ ಹೆಸರು ನಮ್ಮದು ಎಂದು ಗೆರೆ ಎಳೆಯುವುದು ಕಷ್ಟ.

ಹಾಗಾದರೆ ಲಿನೇಯಸ್ ಮಾಡಿದ್ದೇನು? ಅವನಿಗಿಂತ ಮುಂಚೆ ಯುರೋಪಿನ ಪಂಡಿತರ ಸಸ್ಯನಾಮ ಎಂದರೆ ಒಂದು ಉದ್ದನೆಯ ವಾಕ್ಯ: ಎಲೆ ಹೀಗೆ, ಹೂ ಹಾಗೆ, ಕಾಂಡ ಇಂಥದ್ದು ಎಂಬ ವರ್ಣನೆ. 1753ರ 'ಸ್ಪೀಶೀಸ್ ಪ್ಲಾಂಟಾರಂ' ಗ್ರಂಥದಲ್ಲಿ ಅವನು ಪ್ರತಿ ಗಿಡಕ್ಕೂ ಎರಡೇ ಪದದ ಹೆಸರು ಕೊಟ್ಟ. ಮೊದಲನೆಯದು ಕುಲ, ಎರಡನೆಯದು ಅದರೊಳಗಿನ ಪ್ರಭೇದ. ಇಂದಿಗೂ ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದು ಆ ಪುಸ್ತಕದಿಂದ.

ಎರಡು ಪದದ ಈ ಏರ್ಪಾಡು ನಮಗೆ ಹೊಸದೇನಲ್ಲ. ದುಂಡು ಮಲ್ಲಿಗೆ, ಸೂಜಿ ಮಲ್ಲಿಗೆ, ಕಾಡು ಮಲ್ಲಿಗೆ. ಬದನೆ, ಸೀಮೆ ಬದನೆ. ಬಸಳೆ, ಕಾಡುಬಸಳೆ. ಕನ್ನಡದಲ್ಲಿ ಪ್ರಭೇದ ಮೊದಲು, ಕುಲ ಆಮೇಲೆ. ಲ್ಯಾಟಿನ್ನಿನಲ್ಲಿ ತಿರುಗುಮುರುಗು, ಅಷ್ಟೇ. ವ್ಯತ್ಯಾಸ ಇರುವುದು ಕುಲವನ್ನು ಹೇಗೆ ಕಟ್ಟುತ್ತೇವೆ ಎಂಬಲ್ಲಿ. ಆಕಾಶಮಲ್ಲಿಗೆ ದೊಡ್ಡ ಮರ, ಮಲ್ಲಿಗೆಗೆ ಸಂಬಂಧವಿಲ್ಲದ ಕುಟುಂಬದ್ದು. ಹೂ ಬಿಳಿ, ಪರಿಮಳ ಇದೆ, ಮುಡಿಗೆ ಬರುತ್ತದೆ ಎಂದರೆ ನಮಗದು ಮಲ್ಲಿಗೆ. ಕಾಡುಬಸಳೆಗೂ ಬಸಳೆಗೂ ನೆಂಟಸ್ತನವಿಲ್ಲ. ಎರಡರ ಎಲೆಯೂ ದಪ್ಪ, ರಸಭರಿತ. ಕನ್ನಡದ ಹೆಸರು ಗಿಡ ನಮಗೆ ಏನಾಗುತ್ತದೆ ಎಂದು ಹೇಳುತ್ತದೆ. ಲ್ಯಾಟಿನ್ ಹೆಸರು ಗಿಡ ಗಿಡಕ್ಕೆ ಏನಾಗಬೇಕು ಎಂದು ಹೇಳಲು ಹೊರಟಿದೆ.

ಒಮ್ಮೊಮ್ಮೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ. ನಮ್ಮ ದೊಡ್ಡಪತ್ರೆಯ ಕತೆ ಅಂಥದ್ದು. ಮೌದಾದಂಥ ಊರಿನಲ್ಲಿ ಒಂದೇ ಕುಂಡದ ದೊಡ್ಡಪತ್ರೆಗೆ ಎಷ್ಟು ಹೆಸರು ನೋಡಿ. ಮರಾಠಿಯವರಿಗೆ ಪಾನ್ ಓವಾ, ಹಿಂದಿಯವರಿಗೆ ಅಜವಾಯಿನ್ ಪತ್ತಾ, ತೆಲುಗರಿಗೆ ವಾಮು ಆಕು. ಮೂವರೂ ಓಮದ ವಾಸನೆ ಹಿಡಿದು ಹೆಸರಿಟ್ಟಿದ್ದಾರೆ, ಆದರೆ ಅಡುಗೆಮನೆಯ ಓಮಕಾಳು ಬರುವ ಗಿಡ ಬೇರೆಯೇ. ತಮಿಳರಿಗೆ ಕರ್ಪೂರವಳ್ಳಿ, ಮಲಯಾಳಿಗಳಿಗೆ ಪನಿಕೂರ್ಕ. ಇಂಗ್ಲಿಷಿನಲ್ಲಿ ಕ್ಯೂಬನ್ ಒರೆಗಾನೋ, ಮೆಕ್ಸಿಕನ್ ಮಿಂಟ್, ಇಂಡಿಯನ್ ಬೋರೇಜ್ ಎಂಬ ಮೂರು ಹೆಸರುಗಳಿವೆ. ಅದು ಒರೆಗಾನೋ, ಪುದೀನ, ಬೋರೇಜ್ ಮೂರೂ ಅಲ್ಲ. ಗಿಡ ತಾನಾಗಿ ಬೆಳೆಯುವುದು ಪೂರ್ವ ಮತ್ತು ದಕ್ಷಿಣ ಆಫ್ರಿಕದ ಕಡೆ.

ವೈಜ್ಞಾನಿಕ ಹೆಸರೂ ಒಂದೇ ಕಡೆ ನಿಲ್ಲಲಿಲ್ಲ. 1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೌರೇರೋ 'ಕೋಲಿಯಸ್ ಆಂಬೋಯಿನಿಕಸ್' ಎಂದ. ಆ ಎರಡನೇ ಪದ ಇಂಡೋನೇಷ್ಯಾದ ಅಂಬೋನ್ ದ್ವೀಪದಿಂದ ಬಂದದ್ದು, ಅದೂ ಗಿಡದ ಮೂಲನೆಲೆಯಲ್ಲ. 1825ರಲ್ಲಿ ಅದನ್ನು 'ಪ್ಲೆಕ್ಟ್ರಾಂಥಸ್' ಕುಲಕ್ಕೆ ಸೇರಿಸಿದರು. 2019ರಲ್ಲಿ, ಡಿಎನ್‌ಎ ಆಧಾರದ ವರ್ಗೀಕರಣ ಬಂದ ಮೇಲೆ, ಮತ್ತೆ ಕೋಲಿಯಸ್‌ಗೆ ತಂದರು. ಅದೇ ಕೋಲಿಯಸ್ ಕುಲದಲ್ಲಿ ಇನ್ನೊಂದು ಗಿಡ ಇದೆ, ನಮ್ಮ ಸಾಂಬ್ರಾಣಿ ಗೆಡ್ಡೆ. ಕರಾವಳಿಯಲ್ಲಿ ದೊಡ್ಡಪತ್ರೆಗೇ ಸಾಂಬ್ರಾಣಿ ಎನ್ನುತ್ತಾರೆ. ಅದರ ತಂಬುಳಿ ಉಂಡವರಿಗೆ ಗೊತ್ತು. ಮಲಯಾಳಿಗಳು ಗೆಡ್ಡೆಗೆ ಕೂರ್ಕ, ಎಲೆಗೆ ಪನಿಕೂರ್ಕ ಎನ್ನುತ್ತಾರೆ. ಪ್ರಯೋಗಾಲಯ ಎರಡು ಶತಮಾನ ಸುತ್ತಿ ಬಂದು ಸೇರಿದ ಜಾಗದಲ್ಲಿ ನಮ್ಮ ಹೆಂಗಸರು ಮೂಗಿನ ಬಲದಿಂದಲೇ ಕೂತಿದ್ದರು.

ಕುಂಡದ ಕಾಶಿಕಣಗಿಲೆಯದೂ ಇದೇ ಬಗೆ. ಕೆಲವರು ಅದನ್ನು ನಿತ್ಯಪುಷ್ಪ ಎನ್ನುತ್ತಾರೆ. ಇಲ್ಲಿ ಅದು ಸದಾಫುಲಿ. ಮಡಗಾಸ್ಕರಿನ ಗಿಡ, ಕಾಶಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹೆಸರಿನ ದ್ವಿತೀಯಾರ್ಧ ಸರಿಯಾಗಿದೆ: ಕಣಗಿಲೆಯೂ ಇದೂ ಒಂದೇ ಕುಟುಂಬದವು. ಲಿನೇಯಸ್ ಇದಕ್ಕೆ 'ವಿಂಕಾ ರೋಸಿಯಾ' ಎಂದಿದ್ದ. ಈಗ ಅದು 'ಕ್ಯಾಥರಾಂಥಸ್ ರೋಸಿಯಸ್'. 1950ರ ದಶಕದಲ್ಲಿ ಕೆನಡಾದಲ್ಲಿ ಇದರ ಎಲೆಯಿಂದ ಕ್ಯಾನ್ಸರ್ ಔಷಧಿ ಸಿಕ್ಕಿತು. ಈ ಗಿಡದಿಂದ ಬಂದ ಔಷಧಿಗಳ ಹೆಸರು ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್. ಸಸ್ಯಶಾಸ್ತ್ರ ಕೈಬಿಟ್ಟ 'ವಿಂಕಾ' ಆಸ್ಪತ್ರೆಯ ಚೀಟಿಯಲ್ಲಿ ಬದುಕಿಕೊಂಡಿದೆ.

ಮನಿ ಪ್ಲಾಂಟ್‌ನ ದಾಖಲೆ ಇನ್ನೂ ಉದ್ದ. ಪೆಸಿಫಿಕ್ ಸಾಗರದ ಮೋರೆಯಾ ದ್ವೀಪದ ಈ ಬಳ್ಳಿ 1880ರಲ್ಲಿ 'ಪೋಥೋಸ್', 1908ರಲ್ಲಿ 'ಸಿಂಡಾಪ್ಸಸ್', 1960ರ ದಶಕದ ಆರಂಭದಲ್ಲಿ 'ರಾಫಿಡೋಫೋರಾ', 1964ರಲ್ಲಿ 'ಎಪಿಪ್ರೆಮ್ನಮ್ ಆರಿಯಮ್'. ಕಾರಣ ಸರಳ. ಗಿಡಗಳ ಕುಲ ನಿರ್ಧರಿಸಲು ಹೂ ಬೇಕು, ಇದು ಹೂ ಬಿಡುವುದೇ ಅಪರೂಪ. ಹೂ ಬಿಡಲು ಬೇಕಾದ ಹಾರ್ಮೋನು ತಯಾರಿಸುವ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಗೊತ್ತಾಯಿತು. ಈಗ ಅಮೆರಿಕದಲ್ಲಿ ಹೆಚ್ಚಿನವರು ಇದನ್ನು ಕರೆಯುವುದು ಪೋಥೋಸ್ ಎಂದೇ. ವಿಜ್ಞಾನ ಬಿಟ್ಟ ಹೆಸರು ಅಲ್ಲಿ ರೂಢಿಯ ಹೆಸರಾಗಿದೆ.

ಹೀಗೆ ಬದಲಾಗುವುದಾದರೆ ಲ್ಯಾಟಿನ್ ಹೆಸರಿನಿಂದ ಏನು ಲಾಭ ಎಂದು ಕೇಳಬಹುದು. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಪ್ರತಿ ಬದಲಾವಣೆಗೂ ವರ್ಷನ್ ಹಿಸ್ಟರಿ ಇದೆ. ಯಾರು ಹೆಸರಿಟ್ಟರು, ಯಾವ ವರ್ಷ, ಯಾವ ಪುಟದಲ್ಲಿ, ಯಾವ ಒಣಗಿದ ಮಾದರಿಯನ್ನೋ ಚಿತ್ರವನ್ನೋ ಮುಂದಿಟ್ಟುಕೊಂಡು, ಎಲ್ಲವೂ ದಾಖಲೆ. ಹಳೆಯ ಹೆಸರು ಅಳಿಸಿಹೋಗುವುದಿಲ್ಲ, ಹೊಸದರ ಕೆಳಗೆ ಕೂರುತ್ತದೆ. ಹೆಸರು ತಪ್ಪು ಅರ್ಥ ಕೊಡುತ್ತದೆ ಎಂಬ ಕಾರಣಕ್ಕೆ ಅದನ್ನು ಕಿತ್ತುಹಾಕುವಂತಿಲ್ಲ ಎಂಬ ನಿಯಮವೂ ಇದೆ. ಅದಕ್ಕೇ ಆಫ್ರಿಕದ ದೊಡ್ಡಪತ್ರೆ ಅಂಬೋನ್ ದ್ವೀಪದ ಹೆಸರು ಹೊತ್ತು ತಿರುಗುತ್ತಿದೆ.

ಈ ದಾಖಲೆಯ ಬೆಲೆ ಗೊತ್ತಾಗುವುದು ಗಿಡ ಹೊಟ್ಟೆಗೆ ಹೋಗುವಾಗ. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಬಹಳಷ್ಟು ಜನಕ್ಕೆ ಒಂದೆಲಗ. ಕೇರಳದಲ್ಲಿ ಬ್ರಾಹ್ಮಿ ಎಂದರೆ ನಾವು ನೀರು ಬ್ರಾಹ್ಮಿ ಎನ್ನುವ, ಪುಟ್ಟ ದಪ್ಪ ಎಲೆಯ ಬೇರೊಂದು ಗಿಡ. ಉತ್ತರದಲ್ಲಿ ಎರಡಕ್ಕೂ ಆ ಹೆಸರು ನಡೆಯುತ್ತದೆ. ಭಾರತದ ಆಯುರ್ವೇದ ಫಾರ್ಮಕೋಪಿಯಾ ಇದನ್ನು ಲ್ಯಾಟಿನ್ ಹೆಸರಿನಿಂದಲೇ ಬಿಡಿಸಬೇಕಾಯಿತು: ಬ್ರಾಹ್ಮಿ ಎಂದರೆ 'ಬಕೋಪಾ ಮೊನ್ನಿಯೇರಿ', ಮಂಡೂಕಪರ್ಣಿ ಎಂದರೆ 'ಸೆಂಟೆಲ್ಲಾ ಏಷ್ಯಾಟಿಕಾ', ಅಂದರೆ ನಮ್ಮ ಒಂದೆಲಗ. ಶಂಖಪುಷ್ಪಿಯದು ಇನ್ನೂ ಗೋಜಲು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ನಾಲ್ಕು ಗಿಡಗಳಿಗೆ ಆ ಹೆಸರಿದೆ. ಅದರಲ್ಲಿ ಒಂದು, ನಾವು ಶಂಖಪುಷ್ಪ ಎನ್ನುವ ನೀಲಿ ಹೂವಿನ ಬಳ್ಳಿ, ಮರಾಠಿಯಲ್ಲಿ 'ಗೋಕರ್ಣ'. ಗೋಕರ್ಣ ಎಂದರೆ ಮಹಾಬಲೇಶ್ವರನ ಊರು ಎಂದುಕೊಂಡ ಕನ್ನಡಿಗನಿಗೆ ನರ್ಸರಿಯಲ್ಲಿ ಹತ್ತು ರೂಪಾಯಿಗೆ ಅದರ ಬೀಜ ಸಿಗುತ್ತದೆ ಎಂದರೆ ಹೇಗಾಗಬೇಡ.

ಇಲ್ಲೊಂದು ಸೂಕ್ಷ್ಮ ಇದೆ. ಒಂದೆಲಗ ಎಂಬ ಪದ ಗಿಡದ ರೂಪ ಹೇಳುತ್ತದೆ: ತೊಟ್ಟಿನ ತುದಿಗೆ ಒಂದೇ ದುಂಡನೆಯ ಎಲೆ. ಬ್ರಾಹ್ಮಿ ಎಂಬ ಪದ ಗುಣ ಹೇಳುತ್ತದೆ, ಬುದ್ಧಿಗೆ ಒಳ್ಳೆಯದು ಎಂದು. ಒಂದೇ ಗುಣವನ್ನು ಎಷ್ಟು ಗಿಡಕ್ಕೆ ಬೇಕಾದರೂ ಆರೋಪಿಸಬಹುದು, ರೂಪವನ್ನು ಹಾಗೆ ಹಂಚಲಾಗದು. ಮಾರುಕಟ್ಟೆಗೆ ಇಷ್ಟವಾಗುವುದು ಗುಣದ ಹೆಸರೇ. ಬ್ರೆಜಿಲ್ ಮೂಲದ 'ಕೆಮೆಕೋಸ್ಟಸ್ ಕಸ್ಪಿಡೇಟಸ್' ಗಿಡ ಬೆಂಗಳೂರಿನಿಂದ ನಾಗಪುರದವರೆಗೆ 'ಇನ್ಸುಲಿನ್ ಗಿಡ' ಎಂದು ಮಾರಾಟವಾಗುತ್ತದೆ. ಇನ್ಸುಲಿನ್ ಒಂದು ಪ್ರೋಟೀನು, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಸೂಜಿಯಲ್ಲಿ ಕೊಡುವುದು. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ದಿನಕ್ಕೊಂದು ಎಲೆ ಜಗಿಯಲು ಹೊರಟರೆ ಅದರ ಹಿಂದೆ ಕೆಲಸ ಮಾಡಿರುವುದು ಆ ಹೆಸರು. ಲ್ಯಾಟಿನ್ ಹೆಸರು ಯಾರಿಗೂ ಏನನ್ನೂ ಭರವಸೆ ಕೊಡುವುದಿಲ್ಲ. ಅದರ ದೊಡ್ಡ ಗುಣ ಅದೇ.

ಕನ್ನಡದಲ್ಲಿ ಈ ಎರಡು ಲೋಕಗಳನ್ನು ಒಟ್ಟಿಗೆ ನಡೆಸಿ ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಅವರೂ ಹೊರನಾಡ ಕನ್ನಡಿಗರೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ದಶಕಗಳನ್ನು ಕಳೆದವರು. ತಾವು ಶೋಧಿಸಿದ ಒಂದು ಸಸ್ಯಕ್ಕೆ ಹಾರ್ವರ್ಡಿನ ಗುರು ಇರ್ವಿಂಗ್ ಬೈಲಿ ಅವರ ಹೆಸರಿಟ್ಟು 'ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ' ಎಂದು ಕರೆದರು. ಅದೇ ಲೇಖನಿಯಿಂದ 'ಹಸುರು ಹೊನ್ನು' ಬಂತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕದಲ್ಲಿ ಲ್ಯಾಟಿನ್ ಹೆಸರೂ ಹಳ್ಳಿಯ ಹೆಸರೂ ಪರಸ್ಪರ ಮುಖ ನೋಡಿಕೊಂಡು ಕೂತಿವೆ. ಯಾವುದೂ ಇನ್ನೊಂದರ ಮುಂದೆ ತಲೆ ತಗ್ಗಿಸಿಲ್ಲ.

ನಮ್ಮ ಮಕ್ಕಳ ಕಾಲಕ್ಕೆ ಏನುಳಿಯುತ್ತದೆ ಎಂದು ಯೋಚಿಸಿದರೆ ನನಗೆ ಲ್ಯಾಟಿನ್ ಹೆಸರಿನ ಚಿಂತೆಯಿಲ್ಲ. ಅದು ಜಗತ್ತಿನ ಸೂಚಿಗಳಲ್ಲಿ ಲೇಖಕ, ವರ್ಷ ಸಮೇತ ಭದ್ರವಾಗಿದೆ. ಇಂಗ್ಲಿಷ್ ಹೆಸರಿನ ಚಿಂತೆಯೂ ಇಲ್ಲ, ಮಾರುವವರು ನೋಡಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಎಲೆಯ ಫೋಟೋ ಹಿಡಿದರೆ ಆ ಎರಡು ಹೆಸರೂ ಬರುತ್ತವೆ. ಬಾರದಿರುವುದು ಸಾಂಬ್ರಾಣಿ, ತಿಮರೆ, ಕಾಶಿಕಣಗಿಲೆ. ಮೌದಾದಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಗುವಿಗೆ ಅದನ್ನು ಹೇಳಲು ಮನೆಯವರ ಬಾಯಿ ಬಿಟ್ಟರೆ ಬೇರೆ ದಾಖಲೆ ಇಲ್ಲ. ಇಟ್ಟಿ ಅಚ್ಯುತನ್ ಹೇಳಿದ ಹೆಸರುಗಳು ಮೂರೂವರೆ ಶತಮಾನ ಉಳಿದದ್ದು ಯಾರೋ ಬರೆದುಕೊಂಡರು ಎಂಬ ಒಂದೇ ಕಾರಣಕ್ಕೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಕುಂಡದ ಮೇಲೆ ಒಂದು ಚೀಟಿ, ಅದರಲ್ಲಿ ಎರಡು ಸಾಲು. ಮೇಲಿನ ಸಾಲಿನಲ್ಲಿ ನಿಮ್ಮ ಊರಿನ ಹೆಸರು. ಮಂಗಳೂರಾದರೆ ಮಂಗಳೂರಿನದು, ಧಾರವಾಡವಾದರೆ ಧಾರವಾಡದ್ದು, 'ಶುದ್ಧ' ಕನ್ನಡಕ್ಕೆ ತಿದ್ದುವ ಅಗತ್ಯವಿಲ್ಲ. ಕೆಳಗಿನ ಸಾಲಿನಲ್ಲಿ ಲ್ಯಾಟಿನ್ ಹೆಸರು. ಅದು ಸಿಗದಿದ್ದರೆ ಜಾಗ ಖಾಲಿ ಬಿಡಿ, ಮುಂದೆ ಯಾರಾದರೂ ತುಂಬಬಹುದು. ಮೇಲಿನ ಸಾಲು ತುಂಬಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಊರಿಗೆ ಫೋನ್ ಮಾಡಿದಾಗ ಅಮ್ಮನನ್ನೋ ಅತ್ತೆಯನ್ನೋ ಒಂದು ಮಾತು ಕೇಳಿ, ಈ ವಾರವೇ ಬರೆದಿಟ್ಟುಕೊಳ್ಳಿ.