ಅಳಿಯಕಟ್ಟಿನ ಮನೆ, ಮಗುವಿನ ಮನಸ್ಸು

ಧರ್ಮಸ್ಥಳವೂ ಸೇರಿದಂತೆ ತುಳುನಾಡಿನಲ್ಲಿ ಅಳಿಯಸಂತಾನದ ಹುಟ್ಟಿನ ಬಗ್ಗೆ ಒಂದು ಐತಿಹ್ಯವುಂಟು. ಅರಸನ ಹಡಗುಗಳು ಕಡಲಿಗಿಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತ ಹಟ ಹಿಡಿಯಿತು. ರಾಣಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ. ಅರಸನ ಸೋದರಿ ತನ್ನ ಮಗನನ್ನು ಒಪ್ಪಿಸಿದಳು. ಮೆಚ್ಚಿದ ಭೂತ ಹುಡುಗನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯನಾಗಿ, ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಎಂಬ ಕಟ್ಟಳೆ ಮಾಡಿದನಂತೆ.

ಕಥೆ ಹೇಗೇ ಇರಲಿ, ಬಂಟರು, ಬಿಲ್ಲವರು, ಇಲ್ಲಿನ ಜೈನರು ಮೊದಲಾದವರಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು. ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಮತ್ತು ಮಕ್ಕಳ ಹಕ್ಕು ತವರಿನಲ್ಲಿ. ಅಲ್ಲಿನ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು.

ಇಂಥ ಕುಟುಂಬವೇ ಮನೋವಿಶ್ಲೇಷಣೆಗೆ ದೊಡ್ಡ ಸವಾಲಾಯಿತು. ತಾಯಿಗಾಗಿ ಮಗ ತಂದೆಯೊಡನೆ ಪೈಪೋಟಿಗಿಳಿಯುವುದು ಎಲ್ಲ ಮನುಷ್ಯರ ಪಾಡೆಂದು ಫ್ರಾಯ್ಡ್ ನಂಬಿದ್ದ. ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳ ಮಾತೃವಂಶೀಯರನ್ನು ಕಂಡ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1927ರ ಗ್ರಂಥದಲ್ಲಿ ಇದನ್ನು ಪ್ರಶ್ನಿಸಿದ: ಅಲ್ಲಿ ತಂದೆ ಅಕ್ಕರೆಯ ಗೆಳೆಯ, ಅಧಿಕಾರ ಸೋದರಮಾವನದು. ಫ್ರಾಯ್ಡ್‌ನ ಶಿಷ್ಯ ಅರ್ನೆಸ್ಟ್ ಜೋನ್ಸ್ ಇದನ್ನು ಒಪ್ಪಲಿಲ್ಲ.

ವಾದದ ದಿಕ್ಕು ಬದಲಿಸಿದವನು ಇಂಗ್ಲೆಂಡಿನ ಜಾನ್ ಬೌಲ್ಬಿ. ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ ಮಾತ್ರವಲ್ಲ, ಆಸರೆಯ ಹಂಬಲವೇ ಹುಟ್ಟುಗುಣ ಎಂದು ಅವನು 1958ರಲ್ಲಿ ಬರೆದಾಗ ಆನ್ನಾ ಫ್ರಾಯ್ಡ್ ಮೊದಲಾದವರು ಆಕ್ಷೇಪಿಸಿದರು. ಉಗಾಂಡದ ಹಳ್ಳಿಗಳಲ್ಲಿ ಕೂಸುಗಳನ್ನು ಗಮನಿಸಿದ್ದ ಮೇರಿ ಐನ್ಸ್‌ವರ್ತ್, ತಾಯಿ ಮಗುವಿಗೆ ಭದ್ರ ನೆಲೆ ಎಂಬುದನ್ನು ತೋರಿಸಿದಳು. ಅಲ್ಲಿನ ಮಕ್ಕಳು ತಂದೆ, ಅಜ್ಜಿಯರಿಗೂ ಅಂಟಿಕೊಂಡಿದ್ದರು. ಮುಂದೆ ಅಮೆರಿಕದ ಗ್ರೀನ್‌ಬರ್ಗ್ ಮತ್ತು ಸ್ಟೀಫನ್ ಮಿಚೆಲ್ 1983ರಲ್ಲಿ, ಮನಸ್ಸು ರೂಪುಗೊಳ್ಳುವುದು ಒಳಗಿನ ಕಾಮನೆಗಳಿಂದಲೋ ಸಂಬಂಧಗಳಿಂದಲೋ ಎಂಬ ಪ್ರಶ್ನೆಯ ಸುತ್ತ ಮನೋವಿಶ್ಲೇಷಣೆಯ ಇತಿಹಾಸವನ್ನೇ ಮರುಓದಿದರು. 2000ದಲ್ಲಿ ಬಂದ ಪುಸ್ತಕದಲ್ಲಿ ಮಿಚೆಲ್ ಬೌಲ್ಬಿಗೆ ಸಂಬಂಧವಾದದಲ್ಲಿ ಗೌರವದ ಸ್ಥಾನ ಕೊಟ್ಟ.

ಈ ಕಣ್ಣಿನಿಂದ ನೋಡಿದರೆ, ತುಳುನಾಡಿನ ಮಗುವಿಗೆ ಮುಖ್ಯವಾದದ್ದು ಯಜಮಾನ ಯಾರು ಎಂಬುದಲ್ಲ. ಅತ್ತಾಗ ಓಡಿಬಂದವರು ಯಾರು ಎಂಬುದು. ಕಟ್ಟಳೆ ಹಕ್ಕನ್ನು ಕೊಡಬಲ್ಲದು, ಆಸರೆಯನ್ನಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದ ಕಟ್ಟನ್ನೂ ಸಡಿಲಿಸಿತು. ಗದ್ದೆ, ತೋಟ ಅಳೆದು ಹಂಚಬಹುದು. ಅಜ್ಜಿಯ ಮಡಿಲನ್ನು ಅಳೆಯುವ ಕೋಲು ಯಾವ ಅಮೀನನ ಬಳಿಯೂ ಇರಲಿಲ್ಲ.

ಐತಿಹ್ಯದಲ್ಲಿ ಸೋತವಳು ಮಗನನ್ನು ಬಿಟ್ಟುಕೊಡದ ರಾಣಿ. ಬೌಲ್ಬಿಯನ್ನು ಓದಿದವರಿಗೆ ಅವಳ ಹಟ ಅಷ್ಟು ಸುಲಭಕ್ಕೆ ತಪ್ಪೆನಿಸದು.