ಅಸ್ತ್ರ ಒಲೆಯಿಂದ ಪೆಲೆಟ್ ಒಲೆಯವರೆಗೆ

ಗ್ರಾಮೀಣ ಇಂಧನವನ್ನು ಕುರಿತ ಸಭೆಗಳಲ್ಲಿ ಈಚೆಗೆ ಒಂದು ಮಾತು ರೂಢಿಗೆ ಬಂದಿದೆ. ಸೌದೆ ಒಲೆಯ ಸುಧಾರಣೆಯೆಂಬುದು ಅಡುಗೆ ಅನಿಲ ಬರುವವರೆಗೆ ಕಾಲ ನೂಕುವುದಕ್ಕಾಗಿ ಕೆಲವು ಎಂಜಿನಿಯರರು ನಡೆಸಿದ ಹವ್ಯಾಸವೆಂದೂ, ಸಿಲಿಂಡರು ಮನೆಯ ಹೊಸ್ತಿಲು ದಾಟಿದೊಡನೆ ಆ ಅಧ್ಯಾಯ ಮುಗಿಯಿತೆಂದೂ, ಇನ್ನು ಉಳಿದಿರುವುದು ಅದರ ವೈಫಲ್ಯದ ಲೆಕ್ಕ ಬರೆಯುವ ಕೆಲಸವೊಂದೇ ಎಂದೂ ನಿಸ್ಸಂಕೋಚವಾಗಿ ಹೇಳಿಬಿಡುವವರು ವಿದ್ವಾಂಸರಲ್ಲಿಯೇ ಅನೇಕರಿದ್ದಾರೆ. ಹೀಗೆ ಹೇಳುವವರಲ್ಲಿ ಒಲೆಯ ಹೊಗೆಕೊಳವೆಯೊಳಗೆ ಒಮ್ಮೆಯಾದರೂ ಕೈಯಿಟ್ಟು ನೋಡಿದವರು ಎಷ್ಟು ಮಂದಿಯೆಂಬ ಪ್ರಶ್ನೆಯನ್ನು ಸಭಾಮರ್ಯಾದೆಗಾಗಿ ಯಾರೂ ಎತ್ತುವುದಿಲ್ಲ. ಈ ವಿದ್ಯೆ ಕರ್ನಾಟಕದಲ್ಲಿ ಬೆಳೆದು ಬಂದ ದಾರಿಯನ್ನು, ಅದರ ಮಗ್ಗುಲಲ್ಲಿಯೇ ಬಹುಕಾಲ ನಡೆದ ಒಬ್ಬನ ದೃಷ್ಟಿಯಿಂದ, ಇಲ್ಲಿ ಸ್ಥೂಲವಾಗಿ ನಿರೂಪಿಸುವ ಉದ್ದೇಶವಿದೆ.

ಪೂರ್ವೇತಿಹಾಸವನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಮೂರು ಒಲೆಗುಂಡುಗಳ ಮೇಲೆ ಮಡಕೆಯಿಟ್ಟು ಬೇಯಿಸಿದ ಕಾಲದಿಂದ, ಒಂದು ಉರಿಯಲ್ಲಿ ಎರಡು ಪಾತ್ರೆ ಕಾಯಿಸುವ ಕೋಡೊಲೆಯವರೆಗೆ, ನಮ್ಮ ಹೆಂಗಸರು ತಾವಾಗಿಯೇ ಮಾಡಿಕೊಂಡ ಸುಧಾರಣೆಗಳು ಹಲವಿದ್ದರೂ ಅವುಗಳಿಗೆ ಚರಿತ್ರಕಾರರು ದೊರೆಯಲಿಲ್ಲ. ಬರವಣಿಗೆಗೆ ಸಿಕ್ಕಿದ ಪ್ರಯತ್ನಗಳು ವಾರ್ಧಾದ ಮಗನ್‌ವಾಡಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಮಗನ್ ಚುಲ್ಹಾದಿಂದ ಮೊದಲಾಗುತ್ತವೆ. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಅವರು ಸಿದ್ಧಪಡಿಸಿ, 1953ರ ಕಿರುಹೊತ್ತಿಗೆಯಲ್ಲಿ ವಿವರಿಸಿದ ಹೊಗೆರಹಿತ ಒಲೆ ಅದರ ಬೆನ್ನಿಗೆ ಬಂದಿತು. ಇವೆರಡೂ ಹೊಗೆಯನ್ನು ಹೊರಗೆ ಕಳುಹಿಸುವುದನ್ನೇ ಮುಖ್ಯವೆಂದು ತಿಳಿದವು. ಸೌದೆಯ ಉಳಿತಾಯ ಅವುಗಳಿಗೆ ಎರಡನೆಯ ಮಾತು. 1973ರ ತೈಲ ಬಿಕ್ಕಟ್ಟಿನ ತರುವಾಯ, ಎರಿಕ್ ಎಕ್‌ಹೋಮ್ 1975ರಲ್ಲಿ ಬಡವರ ಇಂಧನ ಬಿಕ್ಕಟ್ಟೆಂದರೆ ಸೌದೆಯ ಬಿಕ್ಕಟ್ಟೇ ಎಂದು ಬರೆದಾಗ, ಜಗತ್ತಿನ ಗಮನ ಹೊಗೆಯಿಂದ ಕಾಡಿನ ಕಡೆಗೆ ತಿರುಗಿತು. ಗ್ವಾಟೆಮಾಲಾದಲ್ಲಿ ಮಣ್ಣು ಮರಳುಗಳ ಲೊರೇನಾ ಒಲೆಯೂ, ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಕೆ. ಕೃಷ್ಣಪ್ರಸಾದರ ತಂಡವೂ ಆ ದಶಕದ ಫಲಗಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟೆಂದೇ ಊರವರು ಕರೆಯುವ ಆ ಆವರಣದಲ್ಲಿ, 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಕೇಂದ್ರದ ವಿಷಯವನ್ನು ಮಾತ್ರ ಅವಸರದಿಂದ ಹೇಳಿ ಮುಗಿಸಲಾಗದು. ವಿದ್ಯುದ್ರಸಾಯನದಲ್ಲಿ ಅಂತಾರಾಷ್ಟ್ರೀಯ ಖ್ಯಾತಿ ಗಳಿಸಿದ್ದ ಎ. ಕೆ. ಎನ್. ರೆಡ್ಡಿಯವರು, ತಮ್ಮ ಶಾಸ್ತ್ರದ ಪ್ರತಿಷ್ಠೆಯನ್ನು ಬದಿಗಿಟ್ಟು ಹಳ್ಳಿಯ ಸೌದೆಹೊರೆಯನ್ನು ತೂಗತೊಡಗಿದ್ದನ್ನು ಆ ಕಾಲದ ಅನೇಕ ಪ್ರಾಧ್ಯಾಪಕರು ಒಂದು ವಿಧವಾದ ಪಥಭ್ರಂಶವೆಂದೇ ಎಣಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರವನ್ನು ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಗೆ ಎಷ್ಟು ಇಂಧನ ಬರುತ್ತದೆ, ಅದನ್ನು ತರುವವರು ಯಾರು, ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡ ಆ ಸಮೀಕ್ಷೆ, ಹಳ್ಳಿಯ ಶಕ್ತಿಬಳಕೆಯ ಬಹುಪಾಲು ಸೌದೆಯೆಂದೂ, ಆ ಸೌದೆಯ ಬಹುಪಾಲು ಉರಿಯುವುದು ಅಡುಗೆಯ ಮತ್ತು ಬಚ್ಚಲಿನ ಒಲೆಗಳಲ್ಲೆಂದೂ ತೋರಿಸಿಕೊಟ್ಟಿತು. ಈ ಮಾತು ಇಂದು ಸಾಮಾನ್ಯಜ್ಞಾನವೆಂಬಂತೆ ತೋರುವುದೇ ಆ ಸಮೀಕ್ಷೆಯ ಗೆಲುವು.

ಅಸ್ತ್ರ ಒಲೆ ಹುಟ್ಟಿದ್ದು ಈ ಲೆಕ್ಕದ ಪುಸ್ತಕದಿಂದ. ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಈ ಮೂರು ಪಾತ್ರೆಯ ಒಲೆಯ ಅಂತರಂಗವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಶ್ಯಕ. ಹಳೆಯ ಒಲೆಯಲ್ಲಿ ಸೌದೆ ನೆಲದ ಬೂದಿಯ ಮೇಲೆ ಬಿದ್ದುಕೊಂಡು, ಗಾಳಿಯನ್ನು ಬಾಯಿಂದಲೇ ಎಳೆದುಕೊಂಡು, ಅರ್ಧ ಉರಿದು ಅರ್ಧ ಹೊಗೆಯಾಗುತ್ತಿತ್ತು. ಇಲ್ಲಿ ಕೆಳಗೆ ಜಾಲರಿಯಿದೆ, ಜಾಲರಿಯ ಅಡಿಯಿಂದ ಗಾಳಿ ಏರುತ್ತದೆ, ತುಂಡು ಮಾಡಿದ ಸೌದೆಯನ್ನು ಹಾಕುವ ಬಾಯಿ ಚಿಕ್ಕದು, ಆದಕಾರಣ ಬೇಡವಾದ ತಂಗಾಳಿ ಒಳನುಗ್ಗಿ ಉರಿಯನ್ನು ತಣಿಸಲಾರದು. ಮೊದಲನೆಯ ಪಾತ್ರೆಯ ತಳಕ್ಕೆ ಜ್ವಾಲೆ ನೇರವಾಗಿ ತಗಲುತ್ತದೆ. ಅಲ್ಲಿಂದ ಹೊರಟ ಬಿಸಿ ಗಾಳಿ ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿ ಹೊಗೆಕೊಳವೆಯನ್ನು ಸೇರುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತರ ಆಸುಪಾಸು ಮಾತ್ರ ಪಾತ್ರೆಗೆ ಸಲ್ಲುತ್ತಿದ್ದರೆ, ಈ ಒಲೆ ಪ್ರಯೋಗಶಾಲೆಯಲ್ಲಿ ಮೂವತ್ತನ್ನು ಸುಲಭವಾಗಿ ದಾಟಿತು.

ಆದರೆ ಪ್ರಯೋಗಶಾಲೆಯಿಂದ ಹಳ್ಳಿಗೆ ಹೋದದ್ದು ಒಲೆಯಲ್ಲ, ಒಲೆಯ ಅಳತೆಗಳು. ಜಾಲರಿಗೂ ಪಾತ್ರೆಯ ತಳಕ್ಕೂ ನಡುವಣ ಅಂತರದಲ್ಲಿ ಎರಡು ಬೆರಳಿನಷ್ಟು ಹೆಚ್ಚಾದರೆ ಜ್ವಾಲೆ ತಳವನ್ನು ಮುಟ್ಟದು. ಅಷ್ಟೇ ಕಡಿಮೆಯಾದರೆ ಅರೆಯುರಿದು ಮಸಿ ಕಟ್ಟುತ್ತದೆ. ಇದನ್ನು ಬಲ್ಲವರಾದುದರಿಂದಲೇ ಅಸ್ತ್ರದವರು ಲೋಹದ ಅಚ್ಚುಗಳನ್ನು ಮಾಡಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿ ಹಳ್ಳಿಯ ಯುವಕರಿಗೆ ಆ ಅಚ್ಚುಗಳನ್ನಿಟ್ಟು ಒಲೆ ಕಟ್ಟುವ ತರಬೇತಿ ಕೊಟ್ಟಿತು. ಚೆನ್ನಾಗಿ ಕಲಿತ ಗಾರೆಯವನು ಮೊದಲು ಆ ಮನೆಯ ಪಾತ್ರೆಗಳನ್ನು ತರಿಸಿ ನೋಡುತ್ತಿದ್ದ. ಹಿಟ್ಟಿನ ಪಾತ್ರೆ ಮೊದಲನೆಯ ಬಾಯಲ್ಲಿ ಕುತ್ತಿಗೆಯವರೆಗೆ ಇಳಿದು ಬಿಗಿಯಾಗಿ ಕುಳಿತಿತೆ ಎಂದು ಪರೀಕ್ಷಿಸುತ್ತಿದ್ದ. ಏಕೆಂದರೆ ಕುಣಿಗಲ್ಲಿನ ಸೀಮೆಯಲ್ಲಿ ಒಲೆಯ ನಿಜವಾದ ಪರೀಕ್ಷೆ ನೀರು ಕುದಿಸುವುದಲ್ಲ, ಕೋಲು ಹಿಡಿದು ಮೈಭಾರವನ್ನೆಲ್ಲ ಹಾಕಿ ರಾಗಿಹಿಟ್ಟು ತೊಳಸುವಾಗ ಪಾತ್ರೆ ಕದಲದೆ ನಿಲ್ಲುವುದು. ಈ ಒಂದು ಗುಣದಲ್ಲಿ ಮಣ್ಣಿನ ಒಲೆಯನ್ನು ಮೀರಿಸಿದ ತಗಡಿನ ಒಲೆಯನ್ನು ನಾನಂತೂ ಈವರೆಗೆ ಕಂಡಿಲ್ಲ.

ಹೊಗೆಕೊಳವೆಯನ್ನು ಕೂರಿಸುವುದು ಅದಕ್ಕಿಂತ ಸೂಕ್ಷ್ಮವಾದ ಕೆಲಸ. ಹೆಂಚು ತೆಗೆದು ಕೊಳವೆಯನ್ನು ಮೇಲಕ್ಕೆ ಒಯ್ದು, ಅದರ ಸುತ್ತ ಮಳೆನೀರು ಇಳಿಯದಂತೆ ಗಾರೆ ಹಾಕಿ, ಮಾಡಿನ ನೆತ್ತಿಗಿಂತ ಮೇಲಕ್ಕೆ ಅದರ ತುದಿಯನ್ನು ನಿಲ್ಲಿಸಿದರೆ ಮಾತ್ರ ಸೆಳೆತ ಸರಿಯಾಗಿರುತ್ತದೆ. ಕೊಳವೆ ಗಿಡ್ಡಾದರೆ ಮಾಡನ್ನು ಹತ್ತಿ ಇಳಿಯುವ ಗಾಳಿ ಹೊಗೆಯನ್ನು ಮರಳಿ ಅಡುಗೆಮನೆಗೇ ನೂಕುತ್ತದೆ. ಕೂರಿಸಿದ ಮೇಲಾದರೂ ಕೆಲಸ ಮುಗಿಯಲಿಲ್ಲ. ಪಾತ್ರೆಯಿಂದ ಪಾತ್ರೆಗೆ ಹೋಗುವ ಸುರಂಗದಲ್ಲಿ ಬೂದಿಯೂ ಮಸಿಯೂ ಸೇರಿ ದಾರಿ ಕಿರಿದಾಗುತ್ತದೆ. ಪಾತ್ರೆಗಳನ್ನೆತ್ತಿ, ಕೈಯಿಟ್ಟು, ಅದನ್ನು ಆಗಾಗ ಬಳಿದು ತೆಗೆಯಬೇಕು. ಇಷ್ಟನ್ನು ಮನೆಯಾಕೆ ಮಾಡಬಲ್ಲಳು. ಆದರೆ ಕೊಳವೆಗೆ ಕೋಲಿನ ತುದಿಗೆ ಚಿಂದಿ ಕಟ್ಟಿ ಮೇಲಿನಿಂದ ಇಳಿಸಬೇಕಾದರೆ ಮಾಡು ಹತ್ತಬೇಕು. ಮಾಡು ಹತ್ತುವವನು ಗಂಡಸು, ಹೊಗೆ ಕುಡಿಯುವವಳು ಹೆಂಗಸು. ಒಲೆಯ ಸಾಹಿತ್ಯದಲ್ಲಿ ಶಾಖವರ್ಗಾವಣೆಯ ಸಮೀಕರಣಗಳಿಗೆ ದೊರೆತ ಪುಟಗಳಲ್ಲಿ ನೂರನೆಯ ಒಂದು ಪಾಲೂ ಈ ಸಂಗತಿಗೆ ದೊರೆತಿಲ್ಲ.

ಅದೇ ಆವರಣದ ಇನ್ನೊಂದು ಮೂಲೆಯಲ್ಲಿ, ರಾಕೆಟ್ಟಿನ ದಹನವನ್ನು ಅಭ್ಯಸಿಸುತ್ತಿದ್ದ ಎಚ್. ಎಸ್. ಮುಕುಂದ, ಯು. ಶ್ರೀನಿವಾಸ, ಎಸ್. ದಾಸಪ್ಪ ಅವರು ಬೇರೆಯೇ ಒಂದು ದಾರಿ ಹಿಡಿದರು. ಒಲೆಯನ್ನು ಕಟ್ಟುವುದಲ್ಲ, ಕಾರ್ಖಾನೆಯಲ್ಲಿ ತಯಾರಿಸುವುದು. ಮೂರು ಪಾತ್ರೆಯಲ್ಲ, ಒಂದೇ. ಗಾರೆಯವನ ಕೈಚಳಕವನ್ನು ನಂಬುವುದಲ್ಲ, ನಿರ್ಮಾಣದ ನಿಖರತೆಯನ್ನು ನಂಬುವುದು. 1988ರಲ್ಲಿ ಅವರು ಪ್ರಕಟಿಸಿದ ‘ಸ್ವಸ್ಥೀ’ ಒಲೆ ಈ ವಿಚಾರಧಾರೆಯ ಮೊದಲ ಫಲ. ವಿಜ್ಞಾನದ ದೃಷ್ಟಿಯಿಂದ ಅದು ನಿರ್ದುಷ್ಟವಾದದ್ದು. ಹಿಟ್ಟು ತೊಳಸುವ ಮನೆಗಳಲ್ಲಿ ಅದಕ್ಕೆ ಎಷ್ಟು ಆದರ ದೊರೆಯಿತೆಂಬುದು ಬೇರೆ ಮಾತು.

ಇಷ್ಟರೊಳಗೆ ದೆಹಲಿ ಎಚ್ಚೆತ್ತಿತ್ತು. 1983ರ ಕೊನೆಗೆ ಮೊದಲಾಗಿ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಚುಲ್ಹಾ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಸುಮಾರು ಮೂರೂವರೆ ಕೋಟಿ ಒಲೆಗಳು ಹಂಚಿಕೆಯಾದವೆಂದು ದಾಖಲೆ ಹೇಳುತ್ತದೆ. ಕಟ್ಟಿದ ಒಲೆಗೆ ನೂರಕ್ಕೆ 20, ಎತ್ತಿಡಬಹುದಾದ ಒಲೆಗೆ 25ರ ದಕ್ಷತೆ ಇರತಕ್ಕದ್ದೆಂಬ ನಿಯಮವಿತ್ತು, ಅಳೆಯುವುದಕ್ಕೆ, ಇಂತಿಷ್ಟು ನೀರು ಕುದಿಸಿ ಎಷ್ಟು ಸೌದೆ ಸವೆಯಿತೆಂದು ತೂಗುವ ಪರೀಕ್ಷೆಯಿತ್ತು, ಗುರಿಯಿತ್ತು, ಸಹಾಯಧನವಿತ್ತು. ಕಟ್ಟಿದ ಒಲೆ ಮರುವರ್ಷ ಉರಿಯುತ್ತಿದೆಯೆ ಎಂದು ನೋಡಿ ದುರಸ್ತಿ ಮಾಡುವವನಿಗೆ ಮಾತ್ರ ಸಂಬಳವಿರಲಿಲ್ಲ. ಒಲೆ ಕಟ್ಟಿದವನ ಕೂಲಿ ಕಟ್ಟಿದ ದಿನವೇ ತೀರುವುದಾದರೆ ಅವನು ಆ ಮನೆಗೆ ಮರಳಿ ಬರುವನೆಂದು ನಿರೀಕ್ಷಿಸುವುದು ಧರ್ಮಶ್ರದ್ಧೆಯೇ ಹೊರತು ಆಡಳಿತವಲ್ಲ. ಅಚ್ಚುಗಳು ಗೋದಾಮು ಸೇರಿದವು, ಅಳತೆಗಳು ಅಂದಾಜಿಗಿಳಿದವು, ಮಸಿ ಕಟ್ಟಿದ ಒಲೆಯ ಸೆಳೆತ ಸಾಲದೆ ಹೊಗೆ ಮರಳಿತು. ಕೊನೆಗೆ ಮನೆಯವರೇ ಕೊಳವೆಯನ್ನು ಕಿತ್ತು ಹಳೆಯ ಒಲೆಗೆ ಹಿಂತಿರುಗಿದರು.

ಈ ಪಾಠವನ್ನು ಗ್ರಹಿಸಿದವರು ಇಲ್ಲವೆನ್ನಲಾಗದು. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಟೈಡ್’ ಸಂಸ್ಥೆ, ಸ್ವಾತಿ ಭೋಗ್ಲೆಯವರ ನೇತೃತ್ವದಲ್ಲಿ, ಅಡುಗೆಮನೆಯ ಜೊತೆಗೆ ಅಡಿಕೆ ಬೇಯಿಸುವವರು, ನೂಲಿಗೆ ಬಣ್ಣ ಹಾಕುವವರು, ಹೋಟೆಲಿನವರು ಮೊದಲಾದ ಸಣ್ಣ ಉದ್ಯಮಿಗಳ ಒಲೆಗಳನ್ನು ಕೈಗೆತ್ತಿಕೊಂಡಿತು. ಅಡಿಕೆ ಬೇಯಿಸುವವನಿಗೆ ಸೌದೆಯ ಖರ್ಚು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಸೆಳೆತ ಕೆಟ್ಟರೆ ಮರುದಿನವೇ ಅವನು ಒಲೆಯವನನ್ನು ಕರೆಸುತ್ತಾನೆ. ಹಾಗಾಗಿ ಅಲ್ಲಿ ನಿರ್ವಹಣೆಯೆಂಬುದು ಉಪದೇಶವಾಗದೆ ವ್ಯವಹಾರವಾಯಿತು. 2008ರಲ್ಲಿ ಈ ಸಂಸ್ಥೆಗೆ ಆಶ್ಡನ್ ಪ್ರಶಸ್ತಿ ಬಂದುದು ಯೋಗ್ಯವೇ ಆಗಿತ್ತು.

ಇನ್ನು ಪೆಲೆಟ್ ಒಲೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೆರ್ರಿ ವಿಟ್‌ಫೀಲ್ಡ್ 1980ರ ದಶಕದಲ್ಲಿ ಮನೆ ಬೆಚ್ಚಗಿಡುವ ಪೆಲೆಟ್ ಒಲೆಯನ್ನು ಮಾರುಕಟ್ಟೆಗೆ ತಂದ ಮೇಲೆ, ಗೋಡೆಯೊಳಗಿನ ಹಳೆಯ ಅಗ್ಗಿಷ್ಟಿಕೆಯ ಗೂಡಿನಲ್ಲಿಯೇ ಅದನ್ನು ಕೂರಿಸಿ, ಹಳೆಯ ಹೊಗೆಗೂಡಿನೊಳಗೆ ಉಕ್ಕಿನ ಕಿರುಕೊಳವೆಯೊಂದನ್ನು ಇಳಿಬಿಡುವ ಪದ್ಧತಿ ಅಲ್ಲಿ ಬಳಕೆಗೆ ಬಂದಿತು. ಮರದ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲಿನ ಗಾತ್ರದ ಗುಳಿಗೆಗಳನ್ನು ತಿರುಪು ತಿರುಗಿ ತಿರುಗಿ ಉರಿಯ ಬಟ್ಟಲಿಗೆ ಬೀಳಿಸುತ್ತದೆ, ಪಂಖ ಗಾಳಿಯೂಡುತ್ತದೆ, ವಿದ್ಯುತ್ತು ಹೋದರೆ ಎಲ್ಲವೂ ನಿಲ್ಲುತ್ತದೆ. ಆ ದೇಶದಲ್ಲಿ ಇದನ್ನು ಕೊಂಡವನು, ಉರಿಯ ಬಟ್ಟಲನ್ನು ದಿನವೂ ಕೆರೆದು ತೂತುಗಳನ್ನು ಬಿಡಿಸಬೇಕೆಂಬುದನ್ನೂ, ಬೂದಿಯ ತಟ್ಟೆಯನ್ನು ಆಗಾಗ ಬರಿದುಮಾಡಬೇಕೆಂಬುದನ್ನೂ, ಚಳಿಗಾಲಕ್ಕೆ ಮುಂಚೆ ಕೊಳವೆಯನ್ನು ಗುಡಿಸಿ ಬಾಗಿಲಿನ ಹಗ್ಗದ ಬಿಗಿಯನ್ನು ಪರೀಕ್ಷಿಸಬೇಕೆಂಬುದನ್ನೂ ಒಲೆಯ ಜೊತೆಯಲ್ಲಿಯೇ ಕೊಂಡುಕೊಳ್ಳುತ್ತಾನೆ. ಕೂರಿಸುವವನು, ಗುಡಿಸುವವನು, ಬಿಡಿಭಾಗ ಮಾರುವವನು ಎಂದು ಒಂದು ವೃತ್ತಿಯೇ ಅದರ ಸುತ್ತ ಬೆಳೆದಿದೆ. ಗುಳಿಗೆಗೂ ಕಟ್ಟುಪಾಡಿದೆ: ಅಂತಾರಾಷ್ಟ್ರೀಯ ಮಾನಕದ ಮೊದಲ ದರ್ಜೆಯ ಮರದ ಪೆಲೆಟ್ಟಿನಲ್ಲಿ ಬೂದಿ ನೂರಕ್ಕೆ 0.7ನ್ನು ಮೀರಕೂಡದು.

ನಮ್ಮ ಮುಕುಂದರ ತಂಡ ಬಹುರಾಷ್ಟ್ರೀಯ ಕಂಪನಿಯಾದ ಬಿ.ಪಿ.ಯ ಸಹಯೋಗದಲ್ಲಿ 2000ದ ದಶಕದ ನಡುವಿನಲ್ಲಿ ರೂಪಿಸಿದ ‘ಊರ್ಜಾ’ ಈ ಮಾದರಿಯ ನಕಲಲ್ಲ. ಅದನ್ನು ಪರದೇಶದ ಶೋಕಿಯೆಂದು ಜರೆಯುವವರು ಅದರ ಒಳಗನ್ನು ನೋಡಿಲ್ಲ. ಸುಮಾರು ಹತ್ತು ಸೆಂಟಿಮೀಟರ್ ವ್ಯಾಸದ ಉರಿಗೂಡಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಗುಳಿಗೆ ತುಂಬಿ, ಮೇಲ್ಗಡೆಯಿಂದ ಹೊತ್ತಿಸಿದರೆ, ಉರಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಗುಳಿಗೆಯನ್ನು ಅನಿಲವಾಗಿಸುತ್ತದೆ. ಒಂದೂವರೆ ವ್ಯಾಟಿನ ಪುಟ್ಟ ಪಂಖದ ಗಾಳಿ ಆ ಅನಿಲವನ್ನು ಪಾತ್ರೆಯ ಅಡಿಯಲ್ಲಿ ನಿರ್ಮಲವಾಗಿ ಉರಿಸುತ್ತದೆ. ಒಂದು ತುಂಬಿಗೆ ಸುಮಾರು ಒಂದು ಗಂಟೆಯ ಅಡುಗೆ. ದಕ್ಷತೆ ನೂರಕ್ಕೆ ಐವತ್ತರ ಸಮೀಪ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಕೆಲವೇ ವರ್ಷಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಹೊಗೆಕೊಳವೆಯಿಲ್ಲದ ಒಲೆಯಲ್ಲಿ ಮಸಿ ಕಾಣದೆ ಬೇಯುವ ಅನ್ನವನ್ನು ನೋಡಿದವರ ವಿಸ್ಮಯವನ್ನು ನಾನು ಬಲ್ಲೆ.

ಆ ವಿಸ್ಮಯ ಬಾಳಲಿಲ್ಲ. ಗುಳಿಗೆಯಾದದ್ದು ಶುದ್ಧ ಮರದ ಹೊಟ್ಟಲ್ಲ, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದ ಬೇಸಾಯದ ಉಳಿಕೆ. ಅದರಲ್ಲಿ ಬೂದಿ ಹೆಚ್ಚು, ಮತ್ತು ಪೊಟ್ಯಾಸಿಯಮ್ಮೂ ಮರಳಿನ ಅಂಶವೂ ಕೂಡಿದ ಬೂದಿ ಹೆಚ್ಚಿನ ಶಾಖದಲ್ಲಿ ಕರಗಿ ಕಿಟ್ಟವಾಗಿ ಗಾಳಿಯ ತೂತುಗಳನ್ನು ಮುಚ್ಚುತ್ತದೆ. ಸೂಜಿಯಿಂದ ಆ ತೂತುಗಳನ್ನು ಬಿಡಿಸುವ, ಬ್ಯಾಟರಿ ಬದಲಿಸುವ, ಪಂಖದ ಧೂಳು ತೆಗೆಯುವ ಮನುಷ್ಯ ತಾಲ್ಲೂಕು ಕೇಂದ್ರದಲ್ಲಿಯೂ ಸಿಗುವುದು ದುರ್ಲಭವಾಯಿತು. 2009ರಲ್ಲಿ ಬಿ.ಪಿ.ಯ ಈ ಒಲೆ ವ್ಯಾಪಾರದ ಒಡೆತನ ಪುಣೆಯ ಫಸ್ಟ್ ಎನರ್ಜಿಗೆ ಸೇರಿತು. ಕಚ್ಚಾಸಾಮಗ್ರಿ ತುಟ್ಟಿಯಾಗಿ ಗುಳಿಗೆಯ ಬೆಲೆ ಏರಿತು. ಮನೆಗಳನ್ನು ಬಿಟ್ಟು ಹೋಟೆಲು ಮತ್ತು ದೊಡ್ಡ ಅಡುಗೆಮನೆಗಳ ಕಡೆಗೆ ವ್ಯಾಪಾರ ತಿರುಗಿತು. ಗುಳಿಗೆ ಬಾರದ ಮನೆಗಳಲ್ಲಿ ಆ ಒಲೆ, ಬೇರೆ ಯಾವ ಪುರಲೆಯನ್ನೂ ಸರಿಯಾಗಿ ಉಣ್ಣಲಾರದೆ, ಅಟ್ಟ ಸೇರಿತು.

2009ರ ಡಿಸೆಂಬರಿನಲ್ಲಿ ಸರ್ಕಾರ ಹೊಸ ಒಲೆ ಯೋಜನೆಯನ್ನು ಘೋಷಿಸಿತು, 2013ರಲ್ಲಿ ಒಲೆಯ ಮಾನಕ ಪರಿಷ್ಕಾರವಾಯಿತು, 2016ರಲ್ಲಿ ಅಡುಗೆ ಅನಿಲದ ಉಜ್ವಲಾ ಯೋಜನೆ ಬಂದಿತು. ಇದೇ ಕಾಲದಲ್ಲಿ ಪ್ರಕಟವಾದ, ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅವರು ಒಡಿಶಾದ ಹಳ್ಳಿಗಳಲ್ಲಿ ನಡೆಸಿದ ಸುಧಾರಿತ ಒಲೆಯ ಅಧ್ಯಯನವನ್ನು ಉದಾಹರಿಸದೆ ಇಂದು ಯಾರೂ ಒಲೆಯ ಬಗ್ಗೆ ಮಾತನಾಡುವುದಿಲ್ಲ: ಮೊದಲ ವರ್ಷ ಹೊಗೆ ತಗ್ಗಿತು, ವರ್ಷಗಳುರುಳಿದಂತೆ ಆ ಲಾಭ ಕರಗಿತು. ಇದರಿಂದ ‘ಸೌದೆ ಒಲೆ ಸೋತಿತು’ ಎಂಬ ನಿರ್ಣಯಕ್ಕೆ ಬರುವವರು, ಅದೇ ಅಧ್ಯಯನ ಕಾರಣವನ್ನೂ ಹೇಳಿದೆಯೆಂಬುದನ್ನು ಮರೆಯುತ್ತಾರೆ. ಮನೆಯವರು ಒಲೆಯನ್ನು ನಿಯತವಾಗಿ ಬಳಸಲಿಲ್ಲ, ಕಾಲಕಾಲಕ್ಕೆ ದುರಸ್ತಿಯಲ್ಲಿಡಲಿಲ್ಲ. ಯಾವ ಯಂತ್ರವನ್ನೇ ಆಗಲಿ ಹೀಗೆ ಪರೀಕ್ಷಿಸಿದರೆ ಅದು ಸೋಲದೆ ಇದ್ದೀತೆ? ವರ್ಷಾನುಗಟ್ಟಲೆ ದುರಸ್ತಿಯಿಲ್ಲದೆ ಬಿಟ್ಟ ನೀರಿನ ಪಂಪನ್ನು ನೋಡಿ ನೀರಾವರಿಯೇ ಸೋತಿತೆಂದು ಯಾರೂ ಬರೆಯುವುದಿಲ್ಲ.

ಈ ಕ್ಷೇತ್ರದಲ್ಲಿ ಉಳಿದಿರುವ ರಿಕ್ತಸ್ಥಾನಗಳು ಹಲವು. ಅನಿಲ ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಕೆಳಗೆ ಕರಟ, ಸೋಗೆ, ಸೌದೆಗಳು ಇಂದಿಗೂ ಉರಿಯುತ್ತಿವೆ; ಬಚ್ಚಲೊಲೆಯ ಮೇಲಿನ ಬರವಣಿಗೆ ಅಡುಗೆಯೊಲೆಯ ಮೇಲಿನದರ ಮುಂದೆ ಏನೂ ಅಲ್ಲ. ಅಟ್ಟದ ಮೇಲಿನ ಬೀಜ, ಜೋಳದ ತೆನೆ, ಮಾಡಿನ ತೊಲೆಗಳನ್ನು ಹುಳುವಿನಿಂದ ಕಾಯುತ್ತಿದ್ದ ಹೊಗೆಯನ್ನು ಹೊರಗೆ ಕಳುಹಿಸಿದ ಮೇಲೆ ಅವುಗಳ ಗತಿಯೇನಾಯಿತೆಂದು ಕೇಳಿದವರು ವಿರಳ. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಅಸ್ತ್ರ ಒಲೆಯನ್ನು ದಶಕಗಳ ಕಾಲ ಕೆಡದಂತೆ ಉಳಿಸಿಕೊಂಡ ಮನೆಗಳು ಯಾವುವು, ಆ ಮನೆಯವರು ಏನು ಮಾಡಿದರು ಎಂಬುದನ್ನು ಕುರಿತು ಒಂದು ಕ್ರಮಬದ್ಧವಾದ ಅಧ್ಯಯನ ಬೇಕು. ಆಗ ತರಬೇತಿ ಪಡೆದ ಯುವಕರು ಈಗ ವೃದ್ಧರು. ಅವರಲ್ಲಿ ಅಳತೆಗಳನ್ನು ಬೆರಳತುದಿಯಲ್ಲಿ ಇರಿಸಿಕೊಂಡವರು ಇನ್ನೂ ಇದ್ದಾರೆ. ನಮ್ಮ ವಿಶ್ವವಿದ್ಯಾನಿಲಯಗಳು ಅವರನ್ನು ಕಂಡು ಬರೆದಿಟ್ಟುಕೊಳ್ಳುವುದಾದರೆ ತಡಮಾಡತಕ್ಕದ್ದಲ್ಲ.

ಪೆಲೆಟ್ಟಿನದಾಗಲಿ ಮಣ್ಣಿನದಾಗಲಿ, ಒಲೆಯ ಯೋಜನೆಗೆ ಇನ್ನು ಮುಂದೆ ಹಣ ಮಂಜೂರು ಮಾಡುವ ಅಧಿಕಾರಿಗಳಲ್ಲಿ ಒಂದು ವಿಜ್ಞಾಪನೆಯುಂಟು: ಒಲೆ ಕೂರಿಸುವವನ ಕೂಲಿಯಲ್ಲಿ ಒಂದು ಪಾಲನ್ನು ತಡೆಹಿಡಿದು, ವರ್ಷ ಕಳೆದ ಮೇಲೆ ಒಲೆ ಸರಿಯಾಗಿ ಉರಿಯುತ್ತಿರುವುದನ್ನು ಕಂಡು ಕೊಡಿರಿ, ಮತ್ತು ಹೊಗೆಕೊಳವೆ ಗುಡಿಸುವ ಐದು ವರ್ಷದ ವೆಚ್ಚವನ್ನು ಅದೇ ಕಡತದಲ್ಲಿ, ಅದೇ ದಿನ ಮಂಜೂರು ಮಾಡಿರಿ.